ಹಳೆಯ ‘ಮ್ಯಾಡ್’ ಸಂಚಿಕೆಗಳು: ಹುಡುಕುವುದರಿಂದ ಹಿಡಿದು ಕಲಾವಿದರ ಗೆರೆ ಗುರುತಿಸುವವರೆಗೆ

ಅಮೆರಿಕದ ಹಾಸ್ಯ ಪತ್ರಿಕೆ ‘ಮ್ಯಾಡ್’ನ ನಾನು ಕೊಂಡ ಮೊದಲ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಮೇಲಿಂದ ಕೆಳಕ್ಕೆ ಎರಡು ಮಡಿಕೆ ಬಿದ್ದಿದ್ದವು. ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಹರಡಿಕೊಂಡು ಕೂತಿದ್ದವರು ಅದನ್ನು ನೋಡಿ, "ಇದು ಮಡಚಿ ಹೋಗಿದೆ, ಐದು ರೂಪಾಯಿ ಕಮ್ಮಿನೇ ಕೊಡಿ" ಅಂದರು. ಮನೆಗೆ ಬಂದು ಅದೇ ಮಡಿಕೆಗಳ ಗುಂಟ ಹಾಳೆಯನ್ನು ಮತ್ತೆ ಮಡಚಿ ನೋಡಿದೆ. ಪುಟದ ನಡುಭಾಗ ಒಳಗೆ ಸೇರಿಕೊಂಡು, ಎಡದ ಅಂಚೂ ಬಲದ ಅಂಚೂ ಕೂಡಿಕೊಂಡವು. ಮೊದಲಿದ್ದ ಚಿತ್ರ ಹೋಗಿ ಬೇರೆಯದೇ ಚಿತ್ರ ಎದ್ದು ಬಂತು. ಕೆಳಗಿದ್ದ ಸಾಲುಗಳೂ ಅರ್ಧರ್ಧ ಕೂಡಿ ಬೇರೆ ಮಾತಾಗಿದ್ದವು. ಆ ಮಡಿಕೆ ಸಂಚಿಕೆಯ ಊನವಲ್ಲ, ಅಲ್ ಜಾಫಿ ಎಂಬ ಕಲಾವಿದ ಆ ಪುಟವನ್ನು ಬರೆದದ್ದೇ ಹಾಗೆ ಮಡಚಲಿ ಎಂದು.

ಅಂದಿನಿಂದ ನಾನು ಈ ಪತ್ರಿಕೆಯನ್ನು ಕಲಾವಿದರ ಕೈ ಹಿಡಿದು ಓದುತ್ತಾ ಬಂದಿದ್ದೇನೆ. ಸಂಚಿಕೆಯ ಸಂಖ್ಯೆ, ಬೆಲೆ, ರಕ್ಷಾಪುಟದ ಹೊಳಪು ಇವನ್ನೆಲ್ಲ ನೋಡಲೇಬೇಕು, ಆದರೆ ಒಂದು ಗೆರೆ ಕಂಡ ಕೂಡಲೇ ‘ಇದು ಇಂಥವರದು’ ಎಂದು ಗೊತ್ತಾಗುವ ಹಂತ ಬಂದಾಗಲೇ ಸಂಗ್ರಹ ನಿಮ್ಮದಾಗುವುದು. ಈ ಬರಹದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಯಾವ ಕಾಲದ ಮ್ಯಾಡ್ ಬೇಕು ಎಂದು ತೀರ್ಮಾನಿಸಿ

ನ್ಯೂಯಾರ್ಕಿನಲ್ಲಿ 1952ರ ಅಕ್ಟೋಬರ್–ನವೆಂಬರ್ ಸಂಚಿಕೆಯಾಗಿ ಮ್ಯಾಡ್ ಶುರುವಾಯಿತು. ಪ್ರಕಾಶಕ ವಿಲಿಯಂ ಗೇನ್ಸ್, ಸಂಪಾದಕ ಹಾರ್ವಿ ಕರ್ಟ್ಸ್‌ಮನ್. ಆಗ ಅದು ಹತ್ತು ಸೆಂಟಿನ ಬಣ್ಣದ ಕಾಮಿಕ್ಸ್ ಪುಸ್ತಕ. ಗೇನ್ಸ್ ಅವರ ಇ.ಸಿ. ಕಾಮಿಕ್ಸ್ ಸಂಸ್ಥೆಗೆ ಅಲ್ಲಿಯವರೆಗೆ ಹೆಸರು ತಂದಿದ್ದು ಭಯಾನಕ ಕಥೆಗಳು. 1954ರಲ್ಲಿ ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಾರೆ ಎಂಬ ಕೂಗೆದ್ದು, ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಗೇನ್ಸ್ ಅಲ್ಲಿಗೆ ಹೋಗಿ ಹೇಳಿಕೆ ಕೊಟ್ಟರು. ಅದೇ ವರ್ಷ ಪ್ರಕಾಶಕರೇ ಕೂಡಿ ‘ಕಾಮಿಕ್ಸ್ ಕೋಡ್’ ಎಂಬ ಕಟ್ಟುಪಾಡು ಮಾಡಿಕೊಂಡರು, ಗೇನ್ಸ್ ಅವರ ಭಯಾನಕ ಪುಸ್ತಕಗಳೆಲ್ಲ ನಿಂತವು. ಉಳಿದದ್ದು ಮ್ಯಾಡ್.

ಕರ್ಟ್ಸ್‌ಮನ್‌ಗೆ ಮೊದಲಿನಿಂದಲೂ ಕಾಮಿಕ್ಸ್‌ಗಿಂತ ನಿಜವಾದ ಪತ್ರಿಕೆ ಮಾಡುವ ಆಸೆ. ಅವರನ್ನು ಉಳಿಸಿಕೊಳ್ಳಲು ಗೇನ್ಸ್ ಒಪ್ಪಿದರು. 1955ರ ಜುಲೈನ 24ನೇ ಸಂಚಿಕೆಯಿಂದ ಮ್ಯಾಡ್ ದೊಡ್ಡ ಆಕಾರದ, ಒಳಗೆ ಕಪ್ಪು-ಬಿಳುಪಿನ, 25 ಸೆಂಟಿನ ಪತ್ರಿಕೆಯಾಯಿತು. ಪತ್ರಿಕೆಗಳಿಗೆ ಆ ಕಟ್ಟುಪಾಡು ಅನ್ವಯಿಸುತ್ತಿರಲಿಲ್ಲ. ಸಂಪಾದಕನ ಆಸೆಯೊಂದು ಪತ್ರಿಕೆಯ ಜೀವ ಉಳಿಸಿದ್ದು ಹೀಗೆ.

ಮರುವರ್ಷವೇ ಕರ್ಟ್ಸ್‌ಮನ್ ಒಡೆತನದ ಪಾಲು ಕೇಳಿ, ಅದು ಸಿಗದೆ ಹೊರನಡೆದರು. 29ನೇ ಸಂಚಿಕೆಯಿಂದ ಅಲ್ ಫೆಲ್ಡ್‌ಸ್ಟೀನ್ ಬಂದರು, 1980ರ ದಶಕದ ನಡುವಿನವರೆಗೂ ಅವರೇ ಇದ್ದರು. ಹಾಗಾಗಿ ಸಂಗ್ರಹಕಾರರಿಗೆ ಮೂರು ಕಾಲ: 1ರಿಂದ 23ರವರೆಗಿನ ಕಾಮಿಕ್ಸ್, ಕರ್ಟ್ಸ್‌ಮನ್ ಸಂಪಾದಿಸಿದ 24ರಿಂದ 28ರವರೆಗಿನ ಐದು ಪತ್ರಿಕೆಗಳು, ಆಮೇಲಿನ ಫೆಲ್ಡ್‌ಸ್ಟೀನ್ ಯುಗ.

ಹೊಸಬರಿಗೆ ನನ್ನ ಸಲಹೆ ಒಂದೇ: 1965ರಿಂದ 1980ರ ನಡುವಿನದನ್ನು ಹಿಡಿಯಿರಿ. 1970ರ ದಶಕದ ಮೊದಲರ್ಧದಲ್ಲಿ ಪ್ರಸಾರ 20 ಲಕ್ಷ ದಾಟಿತ್ತು, ಆದ್ದರಿಂದ ಪ್ರತಿಗಳು ಜಗತ್ತಿನ ಎಲ್ಲ ಕಡೆ ಉಳಿದಿವೆ, ಬೆಲೆಯೂ ಕೈಗೆಟಕುತ್ತದೆ. ಅದಕ್ಕಿಂತ ಮುಖ್ಯವಾಗಿ, ಡ್ರಕರ್, ಮಾರ್ಟಿನ್, ಜಾಫಿ, ಪ್ರೊಹಿಯಾಸ್, ಅರಗೊನೆಸ್, ಬರ್ಗ್ ಇಷ್ಟೂ ಕಲಾವಿದರು ಒಂದೇ ಸಂಚಿಕೆಯಲ್ಲಿ ಸಿಗುವ ಕಾಲ ಅದು. ಮೊದಲ 23 ಸಂಚಿಕೆಗಳ ಮೂಲಪ್ರತಿಗೆ ದುಡ್ಡು ಸುರಿಯಬೇಡಿ. ಅವುಗಳ ಕಥೆಗಳು ಮತ್ತೆ ಮತ್ತೆ ಪುಸ್ತಕರೂಪದಲ್ಲಿ ಅಚ್ಚಾಗಿವೆ, 1950ರ ದಶಕದಿಂದಲೇ ಚಿಕ್ಕ ಪೇಪರ್‌ಬ್ಯಾಕ್‌ಗಳಲ್ಲಿ ಬಂದಿವೆ.

ಹಂತ 2: ಎಲ್ಲಿ ಹುಡುಕಬೇಕು

ಬೆಂಗಳೂರಿನವರಿಗೆ ಚರ್ಚ್ ಸ್ಟ್ರೀಟಿನ ಬ್ಲಾಸಂ, ಬುಕ್‌ವರ್ಮ್ ಗೊತ್ತೇ ಇವೆ. ಅಲ್ಲಿ ಕಾಮಿಕ್ಸ್ ಕಪಾಟಿನಲ್ಲಿ ಮಾತ್ರ ನೋಡಿದರೆ ಸಾಲದು, ‘ಹಾಸ್ಯ’ ಎಂದು ಬರೆದಿರುವ ಕಪಾಟಿನಲ್ಲಿ ಚಿಕ್ಕ ಪೇಪರ್‌ಬ್ಯಾಕ್‌ಗಳು ಅಡಗಿರುತ್ತವೆ. ಅವೆನ್ಯೂ ರಸ್ತೆಯಲ್ಲಿ ಅದೃಷ್ಟ ಬೇಕು. ಮುಂಬೈಗೆ ಹೋದಾಗ ಫ್ಲೋರಾ ಫೌಂಟನ್ ಹತ್ತಿರದ ಪುಸ್ತಕದ ಸಾಲು, ದೆಹಲಿಯಲ್ಲಿ 2019ರಲ್ಲಿ ದರಿಯಾಗಂಜಿನಿಂದ ಮಹಿಳಾ ಹಾಟ್‌ಗೆ ಹೋದ ಭಾನುವಾರದ ಪುಸ್ತಕ ಸಂತೆ ನೋಡಿ. ವಿದೇಶದಲ್ಲಿರುವ ನೆಂಟರಿದ್ದರೆ ಅವರ ಊರಿನ ಹಳೆ ಸಾಮಾನಿನ ಮಾರಾಟದಲ್ಲಿ ನೋಡಲು ಹೇಳಿ. ಅಂಚೆಗಿಂತ ಸೂಟ್‌ಕೇಸಿನಲ್ಲಿ ಬಂದ ಪ್ರತಿಗಳೇ ಚೆನ್ನಾಗಿ ಉಳಿಯುತ್ತವೆ.

ನಮ್ಮಲ್ಲಿ ಸಿಗುವುದರಲ್ಲಿ ಬ್ರಿಟಿಷ್ ಆವೃತ್ತಿಯೂ ಇರುತ್ತದೆ. 1959ರಿಂದ 1994ರವರೆಗೆ ಇಂಗ್ಲೆಂಡಿನಲ್ಲಿ ಬೇರೆಯಾಗಿ ಅಚ್ಚಾಗುತ್ತಿದ್ದ ಇದಕ್ಕೆ ತನ್ನದೇ ಸಂಖ್ಯೆಗಳಿವೆ. ರಕ್ಷಾಪುಟದಲ್ಲಿ ಬೆಲೆ ಬ್ರಿಟಿಷ್ ಹಣದಲ್ಲಿದ್ದರೆ ಅದೇ ಇದು. ಓದಲು ಏನೂ ಕೊರತೆಯಿಲ್ಲ, ಆದರೆ ಅಮೆರಿಕದ ಪಟ್ಟಿ ಹಿಡಿದು ತಾರೀಖು ಹುಡುಕಿದರೆ ತಾಳೆಯಾಗುವುದಿಲ್ಲ. ಇದು ತಿಳಿಯದೆ ನನ್ನ ಮೊದಲ ಪಟ್ಟಿಯನ್ನು ಪೂರ್ತಿ ಮತ್ತೆ ಬರೆಯಬೇಕಾಯಿತು.

ಕಾಗದವೇ ಬೇಕೆಂಬ ಹಟವಿಲ್ಲದವರಿಗೆ, 600ಕ್ಕೂ ಹೆಚ್ಚು ಸಂಚಿಕೆಗಳಿರುವ ‘ಆಬ್ಸೊಲ್ಯೂಟ್ಲಿ ಮ್ಯಾಡ್’ ಎಂಬ ಅಧಿಕೃತ ಡಿವಿಡಿ 2006ರಲ್ಲಿ ಬಂದಿತ್ತು. ಹಳೆ ಡಿವಿಡಿ ಮಾರುವವರಲ್ಲಿ ಕೇಳಿ ನೋಡಿ. ಗೆರೆ ಕಲಿಯಲು ಅದು ಬಹಳ ಅನುಕೂಲ, ಚಿತ್ರ ದೊಡ್ಡದು ಮಾಡಿ ನೋಡಬಹುದು.

ಹಂತ 3: ಪ್ರತಿ ಕೈಗೆ ಬಂದಾಗ ಏನೇನು ನೋಡಬೇಕು

ಅಂಗಡಿಯಲ್ಲೇ ನಿಂತು ಐದು ನಿಮಿಷ ನೋಡಿ. ಮೊದಲು ತಿಂಗಳು. 1960, 70ರ ದಶಕಗಳಲ್ಲಿ ವರ್ಷಕ್ಕೆ ಎಂಟು ಸಂಚಿಕೆ ಬರುತ್ತಿದ್ದವು: ಜನವರಿ, ಮಾರ್ಚ್, ಏಪ್ರಿಲ್, ಜೂನ್, ಜುಲೈ, ಸೆಪ್ಟೆಂಬರ್, ಅಕ್ಟೋಬರ್, ಡಿಸೆಂಬರ್. ಫೆಬ್ರವರಿ ಸಂಚಿಕೆ ಸಿಗಲಿಲ್ಲ ಎಂದು ಕೊರಗಬೇಕಿಲ್ಲ, ಅದು ಇರಲೇ ಇಲ್ಲ.

ರಕ್ಷಾಪುಟ ಹರಿದು ತಾರೀಖು ಹೋಗಿದ್ದರೆ ಬಾರ್‌ಕೋಡ್ ಇದೆಯೇ ನೋಡಿ. ಬಾರ್‌ಕೋಡ್ ಮ್ಯಾಡ್‌ನ ಮುಖದ ಮೇಲೆ ಬಂದದ್ದು 1978ರ ಏಪ್ರಿಲ್‌ನ 198ನೇ ಸಂಚಿಕೆಯಿಂದ. ಆ ಸಲ ಇಡೀ ರಕ್ಷಾಪುಟವನ್ನೇ ಒಂದು ದೈತ್ಯ ಬಾರ್‌ಕೋಡ್ ಮಾಡಿ, ನಮ್ಮ ಪತ್ರಿಕೆಯ ಮುಖ ಕೆಡಿಸಿದ್ದಕ್ಕೆ ಇದು ದೇಶದ ಎಲ್ಲ ಕಂಪ್ಯೂಟರುಗಳನ್ನೂ ಕೆಡಿಸಲಿ ಎಂಬ ಅರ್ಥದಲ್ಲಿ ಹಾರೈಸಿದ್ದರು. ಬಾರ್‌ಕೋಡ್ ಇಲ್ಲದ ಅಂಗಡಿ ಪ್ರತಿ ಅಂದರೆ ಬಹುಮಟ್ಟಿಗೆ ಅದಕ್ಕಿಂತ ಹಳೆಯದು.

ಆಮೇಲೆ ನಡುಪುಟ ತೆರೆದು ಸ್ಟೇಪಲ್ ಪಿನ್ ನೋಡಿ. ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದಾಗಿದ್ದರೆ, ಪುಟ ಇನ್ನೊಂದೆರಡು ಮಳೆಗಾಲದಲ್ಲಿ ಕಿತ್ತು ಬರುತ್ತದೆ. ಪುಟಗಳನ್ನು ಎಣಿಸಿ, ಮಕ್ಕಳು ಕತ್ತರಿಸಿದ್ದಾರೆಯೇ ನೋಡಿ. ವಿಶೇಷ ಸಂಚಿಕೆಗಳ ಜೊತೆ ಸ್ಟಿಕ್ಕರ್, ಪೋಸ್ಟರ್, ತೆಳು ಪ್ಲಾಸ್ಟಿಕ್ ರೆಕಾರ್ಡ್ ಇಂಥವು ಬರುತ್ತಿದ್ದವು. ಅವು ಹೋಗಿದ್ದರೆ ಬೆಲೆ ಇಳಿಸಿ ಕೇಳುವುದು ನ್ಯಾಯ. ಹಿಂಬದಿಯ ಮಡಿಕೆಗೆ ಬೆಲೆ ಇಳಿಸಬಹುದು, ಆದರೆ ಅದೊಂದೇ ಕಾರಣಕ್ಕೆ ಸಂಚಿಕೆಯನ್ನು ಬಿಟ್ಟು ಬರಬೇಡಿ.

ಕೆಲವು ರಕ್ಷಾಪುಟಗಳನ್ನು ಕಣ್ಣಲ್ಲಿ ಇಟ್ಟುಕೊಂಡಿರಿ. 1956ರ ಡಿಸೆಂಬರ್‌ನ 30ನೇ ಸಂಚಿಕೆಯಲ್ಲಿ ನಾರ್ಮನ್ ಮಿಂಗೊ ಬರೆದ, ಪತ್ರಿಕೆಯ ಲಾಂಛನವಾದ ಹುಡುಗ ಆಲ್‌ಫ್ರೆಡ್ ಇ. ನ್ಯೂಮನ್ ಅಮೆರಿಕದ ಅಧ್ಯಕ್ಷ ಪದವಿಗೆ ಅಭ್ಯರ್ಥಿಯಾಗಿ ನಿಂತ. ಒಂದು ಹಲ್ಲಿಲ್ಲದ, ಅಗಲ ಕಿವಿಯ, ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಆ ಹುಡುಗನ ಮುಖ ಹಳೆ ಜಾಹೀರಾತು, ಪೋಸ್ಟ್‌ಕಾರ್ಡ್‌ಗಳಲ್ಲಿ ಮೊದಲೇ ಓಡಾಡುತ್ತಿತ್ತು. ಅದಕ್ಕೆ ಇಂದಿನ ಖಚಿತ ರೂಪ ಕೊಟ್ಟವರು, ಅರವತ್ತರ ವಯಸ್ಸಿನಲ್ಲಿ ಪತ್ರಿಕೆಗೆ ಬಂದ ಮಿಂಗೊ. 1961ರ ಮಾರ್ಚ್ ಸಂಚಿಕೆ ಇನ್ನೊಂದು: ಇಂಗ್ಲಿಷ್ ಅಂಕಿಗಳಲ್ಲಿ 1961 ಎಂದು ಬರೆದು ತಲೆಕೆಳಗು ಮಾಡಿದರೂ ಅದೇ ವರ್ಷ ಕಾಣುತ್ತದೆ ಎಂಬುದೇ ಅದರ ವಿಷಯ. 1974ರ ಏಪ್ರಿಲ್‌ನ 166ನೇ ಸಂಚಿಕೆಯಲ್ಲಿ ನಡುಬೆರಳು ಎತ್ತಿದ ಕೈ ಇತ್ತು, ಎಷ್ಟೋ ಅಂಗಡಿಯವರು ಅದನ್ನು ಮಾರದೆ ವಾಪಸು ಕಳಿಸಿದರು.

ಬೆಂಗಳೂರಿನ ಕಂಪ್ಯೂಟರ್ ಮಂದಿಗೆ 1957ರ ಜೂನ್‌ನ 33ನೇ ಸಂಚಿಕೆ ವಿಶೇಷ. ಹೆಸರಾಂತ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಮೊದಲ ಪ್ರಕಟಿತ ಲೇಖನ ಅದರಲ್ಲಿದೆ. 19 ವರ್ಷದ ಕ್ನೂತ್ ‘ಪೊಟ್ರ್‌ಜೀಬಿ’ ಎಂಬ ಅಳತೆಯ ಪದ್ಧತಿ ಕಟ್ಟಿದ್ದರು. ಅದರಲ್ಲಿ ಉದ್ದದ ಮೂಲಮಾನ ಮ್ಯಾಡ್‌ನ 26ನೇ ಸಂಚಿಕೆಯ ದಪ್ಪ, ಸುಮಾರು 2.26 ಮಿಲಿಮೀಟರ್. ಅದಕ್ಕೆ ಚಿತ್ರ ಬರೆದವರು ವಾಲಿ ವುಡ್.

ಹಂತ 4: ಗೆರೆ ನೋಡಿ ಕಲಾವಿದರನ್ನು ಗುರುತಿಸುವ ಅಭ್ಯಾಸ

ಒಂದು ಸಂಚಿಕೆ ತೆಗೆದುಕೊಂಡು ಮೇಜಿನ ಮೇಲಿಡಿ. ಪ್ರತಿ ಲೇಖನದ ಮೊದಲ ಪುಟದಲ್ಲಿ ಕಲಾವಿದ, ಬರಹಗಾರರ ಹೆಸರಿರುತ್ತದೆ. ಅದನ್ನು ಒಂದು ಚೀಟಿಯಿಂದ ಮುಚ್ಚಿ. ಚಿತ್ರವನ್ನಷ್ಟೇ ನೋಡಿ ಹೆಸರು ಹೇಳಿ, ಆಮೇಲೆ ಚೀಟಿ ತೆಗೆಯಿರಿ. ದಿನಕ್ಕೆ ಒಂದು ಲೇಖನ ಸಾಕು. ಹತ್ತು ಸಂಚಿಕೆ ಮುಗಿಯುವಷ್ಟರಲ್ಲಿ ತಪ್ಪು ಕಡಿಮೆಯಾಗುತ್ತದೆ. ಎಲ್ಲಿ ಕಣ್ಣಿಡಬೇಕು ಎಂಬುದಕ್ಕೆ ನನ್ನ ಗುರುತುಗಳನ್ನು ಹೇಳುತ್ತೇನೆ.

ಡಾನ್ ಮಾರ್ಟಿನ್ ಅವರಿಂದ ಶುರು ಮಾಡಿ, ಅವರನ್ನು ಮಗುವೂ ಗುರುತಿಸುತ್ತದೆ. ಪಾದ ನೋಡಿ: ಬೆರಳುಗಳ ಬುಡದಲ್ಲಿ ಬಾಗಿಲಿನ ಕೀಲು ಜೋಡಿಸಿದಂತೆ ಪಾದದ ಮುಂಭಾಗ ನೇರ ಕೆಳಕ್ಕೆ ಮಡಚಿಕೊಂಡಿರುತ್ತದೆ. ಗದ್ದ ಉದ್ದ, ತಲೆ ಮೊಟ್ಟೆಯಂತೆ. 1956ರಿಂದ ಮೂರು ದಶಕ ಮ್ಯಾಡ್‌ಗೆ ಬರೆದ ಅವರ ಚಿತ್ರಗಳಲ್ಲಿ ಮಾತು ಕಡಿಮೆ, ಶಬ್ದ ಹೆಚ್ಚು. ‘ಶ್ಟೋಇಂಕ್’ ಎಂಬಂಥ ಶಬ್ದಗಳನ್ನು ಅವರೇ ಹುಟ್ಟಿಸಿದರು. ಅನುಕರಣ ಶಬ್ದದಲ್ಲಿ ನಮ್ಮ ಭಾಷೆಗೆ ಬಡತನವೇ ಇಲ್ಲ. ಬಿಂದಿಗೆ ಬಿದ್ದರೆ ಢಣಾರ್, ಹಲಸಿನ ಹಣ್ಣು ಬಿದ್ದರೆ ಧೊಪ್, ಕೆಸರು ತುಳಿದರೆ ಪಚಕ್. ಹಾಗೆ ಬೀಳುವ ಒಂದೊಂದು ವಸ್ತುವಿಗೂ ಬೇರೆ ಬೇರೆ ಸದ್ದು ಕೊಡುವ ಕಿವಿ ಮಾರ್ಟಿನ್ ಅವರದು. ಮಕ್ಕಳ ಜೊತೆ ಓದುವಾಗ ಆ ಸದ್ದುಗಳನ್ನು ಜೋರಾಗಿ ಉಚ್ಚರಿಸಿ, ಆಗಲೇ ಚಿತ್ರ ಪೂರ್ತಿಯಾಗುವುದು.

ಮಾರ್ಟ್ ಡ್ರಕರ್ ಸಿನಿಮಾ, ಟಿವಿಯ ಅಣಕಗಳ ದೊರೆ. ಮುಖದ ಹೋಲಿಕೆ ಎಲ್ಲರಿಗೂ ಕಾಣುತ್ತದೆ. ನೀವು ಕೈಗಳನ್ನು ನೋಡಿ. ಒಬ್ಬ ನಟ ಸಿಗರೇಟು ಹಿಡಿಯುವ ರೀತಿ, ಇನ್ನೊಬ್ಬ ಬೆರಳು ಚುಚ್ಚಿ ಮಾತಾಡುವ ರೀತಿ, ಎಲ್ಲವೂ ಬೇರೆ ಬೇರೆ. ಒಂದೇ ಪುಟದಲ್ಲಿ ಅದೇ ನಟನ ಮುಖ ಎಂಟು ಸಲ ಬಂದರೆ ಎಂಟೂ ಬೇರೆ ಕೋನ, ಬೇರೆ ಭಾವ, ಆದರೂ ಎಂಟೂ ಆತನೇ. 1972ರ ಡಿಸೆಂಬರ್‌ನ 155ನೇ ಸಂಚಿಕೆಯಲ್ಲಿ ‘ದ ಗಾಡ್‌ಫಾದರ್’ ಸಿನಿಮಾವನ್ನು ಅಣಕಿಸಿದ ‘ದ ಆಡ್‌ಫಾದರ್’ ಇದೆ. ಅದರ ಮೊದಲ ಪುಟವೊಂದನ್ನೇ ಅರ್ಧ ಗಂಟೆ ನೋಡಬಹುದು. ನನ್ನ ಮಟ್ಟಿಗೆ ಮುಖ ಬರೆಯುವುದರಲ್ಲಿ ಅವರನ್ನು ಮೀರಿಸಿದವರು ಪತ್ರಿಕಾಲೋಕದಲ್ಲಿ ಇಲ್ಲ.

ಆಂಟೋನಿಯೊ ಪ್ರೊಹಿಯಾಸ್ ಕ್ಯೂಬಾದಲ್ಲಿ ಹೆಸರಾಂತ ವ್ಯಂಗ್ಯಚಿತ್ರಕಾರ. ಕ್ಯಾಸ್ಟ್ರೊ ಸರ್ಕಾರದ ಕೆಂಗಣ್ಣಿಗೆ ಗುರಿಯಾಗಿ 1960ರಲ್ಲಿ ದೇಶ ಬಿಟ್ಟು ನ್ಯೂಯಾರ್ಕಿಗೆ ಬಂದರು. ಇಂಗ್ಲಿಷ್ ಬಾರದು. ಮಗಳನ್ನು ದುಭಾಷಿಯಾಗಿ ಕರೆದುಕೊಂಡು ಮ್ಯಾಡ್ ಕಚೇರಿಗೆ ಹೋದರು. 1961ರ ಜನವರಿಯ 60ನೇ ಸಂಚಿಕೆಯಿಂದ ‘ಸ್ಪೈ ವರ್ಸಸ್ ಸ್ಪೈ’ ಶುರುವಾಯಿತು. ಕಪ್ಪು ಉಡುಪಿನ ಗೂಢಚಾರ, ಬಿಳಿ ಉಡುಪಿನ ಗೂಢಚಾರ, ಇಬ್ಬರಿಗೂ ಹಕ್ಕಿಯ ಕೊಕ್ಕಿನಂಥ ಮೂಗು, ಒಂದೂ ಮಾತಿಲ್ಲ. ಒಂದು ಸಲ ಇವನು ಸೋತರೆ ಇನ್ನೊಂದು ಸಲ ಅವನು. ಯಾವ ಬಣ್ಣ ಒಳ್ಳೆಯದು ಎಂಬ ತೀರ್ಪನ್ನು ಪ್ರೊಹಿಯಾಸ್ ಕೊಡಲೇ ಇಲ್ಲ.

ಶೀರ್ಷಿಕೆಯ ಕೆಳಗೆ ಸಾಲಾಗಿ ಚುಕ್ಕಿ, ಗೆರೆಗಳಿರುತ್ತವೆ. ಎಷ್ಟೋ ವರ್ಷ ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ. ಅದು ತಂತಿ ಕಚೇರಿಯ ಮೋರ್ಸ್ ಸಂಕೇತ. ಪೆನ್ಸಿಲ್ ಹಿಡಿದು ಬಿಡಿಸಿ ನೋಡಿ: ಒಂದು ಗೆರೆ, ಮೂರು ಚುಕ್ಕಿ — ಬಿ. ಗೆರೆ, ಚುಕ್ಕಿ, ಗೆರೆ, ಗೆರೆ — ವೈ. ಚುಕ್ಕಿ, ಗೆರೆ, ಗೆರೆ, ಚುಕ್ಕಿ — ಪಿ. ಚುಕ್ಕಿ, ಗೆರೆ, ಚುಕ್ಕಿ — ಆರ್. ಮೂರು ಗೆರೆ — ಓ. ನಾಲ್ಕು ಚುಕ್ಕಿ — ಎಚ್. ಎರಡು ಚುಕ್ಕಿ — ಐ. ಚುಕ್ಕಿ, ಗೆರೆ — ಎ. ಮೂರು ಚುಕ್ಕಿ — ಎಸ್. ಕೂಡಿಸಿದರೆ ‘ಬೈ ಪ್ರೊಹಿಯಾಸ್’. ಭಾಷೆ ಬಾರದ ಊರಿಗೆ ಬಂದ ಮನುಷ್ಯ ತನ್ನ ಹೆಸರನ್ನು ಹೀಗೆ ಬರೆದಿಟ್ಟಿದ್ದು ಗೊತ್ತಾದ ದಿನ ಆ ಪುಟದ ಮೇಲೆ ನನಗೆ ಪ್ರೀತಿ ಇಮ್ಮಡಿಯಾಯಿತು.

ಸೆರ್ಜಿಯೊ ಅರಗೊನೆಸ್ ಸ್ಪೇನಿನಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ಬೆಳೆದವರು. 1962ರಲ್ಲಿ ನ್ಯೂಯಾರ್ಕಿಗೆ ಬಂದಾಗ ಅವರ ಇಂಗ್ಲಿಷೂ ಅಷ್ಟಕ್ಕಷ್ಟೇ. ಸ್ಪ್ಯಾನಿಷ್ ಮಾತಾಡುವ ಪ್ರೊಹಿಯಾಸ್ ಇದ್ದರೆ ಅನುಕೂಲ ಎಂದು ಅವರನ್ನೇ ಕೇಳಿಕೊಂಡು ಹೋದರೆ, ಪ್ರೊಹಿಯಾಸ್‌ಗೆ ಅದಕ್ಕಿಂತಲೂ ಕಡಿಮೆ ಬರುತ್ತಿತ್ತು! ಅರಗೊನೆಸ್ ಅವರನ್ನು ನೋಡಬೇಕಾದದ್ದು ಪುಟದ ಅಂಚಿನಲ್ಲಿ. ಚೌಕಟ್ಟಿನ ಹೊರಗೆ, ಎರಡು ಲೇಖನಗಳ ಸಂದಿಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಪೂರ್ತಿ ಒಂದು ಕಥೆ ಬರೆದಿರುತ್ತಾರೆ. ಭೂತಗನ್ನಡಿ ಇಟ್ಟುಕೊಳ್ಳಿ. 1963ರಿಂದ ಮುಂದಿನ ಸಂಚಿಕೆಗಳಲ್ಲಿ ಮೊದಲ ಓದಿನಲ್ಲಿ ಅಂಚನ್ನು ಬಿಟ್ಟು, ಎರಡನೇ ಓದಿನಲ್ಲಿ ಅಂಚನ್ನು ಮಾತ್ರ ನೋಡುತ್ತಾ ಹೋಗುವುದು ನನ್ನ ಕ್ರಮ.

ಡೇವ್ ಬರ್ಗ್ ಅವರದು ಅಚ್ಚುಕಟ್ಟಾದ, ನಿಜ ಮನುಷ್ಯರಂತೆ ಕಾಣುವ ಚಿತ್ರ, ಮನೆ-ಕಚೇರಿ-ಡಾಕ್ಟರ ಕೋಣೆಯ ಸಣ್ಣ ಪ್ರಸಂಗಗಳು. ಕನ್ನಡಕ ಹಾಕಿ ಪೈಪ್ ಸೇದುವ ರೋಜರ್ ಕಪುಟ್ನಿಕ್ ಕಂಡರೆ ಅದು ಬರ್ಗ್ ತಮ್ಮನ್ನೇ ಬರೆದುಕೊಂಡದ್ದು.

ಹಳೆಯ ಕಾಮಿಕ್ಸ್ ಕಾಲದವರನ್ನು ಪುನರ್ಮುದ್ರಣಗಳಲ್ಲಿ ನೋಡಿ. ಕರ್ಟ್ಸ್‌ಮನ್ ಪ್ರತಿ ಕಥೆಯ ಪುಟವಿನ್ಯಾಸವನ್ನೂ ತಾವೇ ವಿವರವಾಗಿ ಬರೆದು ಕೊಡುತ್ತಿದ್ದರು. ಕಲಾವಿದರು ಅದನ್ನು ದಾಟುವಂತಿರಲಿಲ್ಲ. ಆದರೂ ಕೈ ಬೇರೆ ಬೇರೆ ಎಂದು ಹೇಗೆ ಗೊತ್ತಾಗುತ್ತದೆ? ವಿಲ್ ಎಲ್ಡರ್ ಹಿನ್ನೆಲೆಯ ಗೋಡೆ, ಫಲಕ, ಜನಜಂಗುಳಿಯಲ್ಲೆಲ್ಲ ಕಥೆಗೆ ಸಂಬಂಧವಿಲ್ಲದ ತಮಾಷೆ ತುಂಬುತ್ತಿದ್ದರು. ಅದಕ್ಕೆ ಅವರೇ ಇಟ್ಟ ಹೆಸರು ‘ಕೋಳಿ ಕೊಬ್ಬು’: ಸಾರಿನ ಮೇಲೆ ತೇಲುವ ಕೊಬ್ಬು ಮೈಗೆ ಒಳ್ಳೆಯದಲ್ಲ, ರುಚಿ ಮಾತ್ರ ಅದರಲ್ಲೇ ಇರುವುದು ಎಂಬ ಅರ್ಥದಲ್ಲಿ. ವಾಲಿ ವುಡ್ ಬೆಳಕು-ನೆರಳಿನವರು. 4ನೇ ಸಂಚಿಕೆಯ ‘ಸೂಪರ್‌ಡೂಪರ್‌ಮ್ಯಾನ್’ನಲ್ಲಿ ಮಸಿಯ ಕಪ್ಪು ಎಷ್ಟು ಗಟ್ಟಿಯಾಗಿ ಕೂತಿದೆ ನೋಡಿ. ಸೂಪರ್‌ಮ್ಯಾನ್ ಕಥೆಯನ್ನು ಅವರು ಗಂಭೀರವಾಗಿ ಬರೆದಿದ್ದರೂ ಹೀಗೇ ಕಾಣುತ್ತಿತ್ತು. ಅಣಕ ನಾಟುವುದು ಆ ಕಾರಣಕ್ಕೇ. ಜಾಕ್ ಡೇವಿಸ್ ಅವರದು ವೇಗದ ಕುಂಚ, ಕಡ್ಡಿ ಕಾಲು, ದೊಡ್ಡ ಬೂಟು.

ಇನ್ನು ಜಾಫಿ. ಮೊದಲಲ್ಲಿ ಹೇಳಿದ ಮಡಚಿ ನೋಡುವ ಪುಟ, ಅಂದರೆ ‘ಫೋಲ್ಡ್-ಇನ್’, ಶುರುವಾದದ್ದು 1964ರ ಏಪ್ರಿಲ್‌ನ 86ನೇ ಸಂಚಿಕೆಯಲ್ಲಿ. ಆ ಕಾಲದ ದುಬಾರಿ ಪತ್ರಿಕೆಗಳು ಬಣ್ಣಬಣ್ಣದ ಮಡಿಕೆ ಪುಟ ಕೊಟ್ಟು, ಬಿಚ್ಚಿ ನೋಡಿ ಎನ್ನುತ್ತಿದ್ದವು. ಬಡ ಪತ್ರಿಕೆಯಾದ ಮ್ಯಾಡ್ ಮಡಚಿ ನೋಡಿ ಎಂದಿತು. ಜಾಫಿ ದಪ್ಪ ರಟ್ಟಿನ ಮೇಲೆ ಬಣ್ಣ ಹಾಕುತ್ತಿದ್ದರಿಂದ ಮೂಲಚಿತ್ರವನ್ನು ಮಡಚಲು ಆಗುತ್ತಿರಲಿಲ್ಲ. ಪತ್ರಿಕೆ ಅಚ್ಚಾಗಿ ಬಂದ ಮೇಲೇ ಅವರಿಗೂ ಅದನ್ನು ಮಡಚಿ ನೋಡುವ ಭಾಗ್ಯ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎಡ ಮತ್ತು ಬಲ ತುದಿಯ ಗೆರೆಗಳನ್ನು ಅಷ್ಟು ಕರಾರುವಾಕ್ಕಾಗಿ ಕೂಡಿಸಿದ ಕೈ, 99ನೇ ವಯಸ್ಸಿನವರೆಗೂ ಕೆಲಸ ಮಾಡಿತು. 2020ರಲ್ಲಿ ನಿವೃತ್ತರಾಗಿ, 2023ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಂತ 5: ಓದುವ ಕ್ರಮ

ನಮಗೆ ಗೊತ್ತಿಲ್ಲದ ಸಿನಿಮಾದ ಅಣಕವನ್ನು ಓದಿ ನಗು ಬರಲಿಲ್ಲ ಎಂದು ಪತ್ರಿಕೆ ಮುಚ್ಚಿಡುವವರನ್ನು ಕಂಡಿದ್ದೇನೆ. ಮೂಲ ಸಿನಿಮಾ ಮೊದಲು ನೋಡಿ, ಅದೇ ವಾರ ಅಣಕ ಓದಿ. ಆಗ ಯಾವ ದೃಶ್ಯವನ್ನು ಹಿಡಿದಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂಬುದು ತಿಳಿಯುತ್ತದೆ. ಮ್ಯಾಡ್ ಬರಹಗಾರರು ಮೆಚ್ಚಿದ ಸಿನಿಮಾವನ್ನೂ ಬಿಡುತ್ತಿರಲಿಲ್ಲ.

ಹುಸಿ ಜಾಹೀರಾತುಗಳನ್ನು ಹಾರಿಸಬೇಡಿ. 1957ರಿಂದ 2001ರವರೆಗೆ ಮ್ಯಾಡ್ ಹೊರಗಿನ ಜಾಹೀರಾತು ತೆಗೆದುಕೊಳ್ಳಲಿಲ್ಲ, ಓದುಗರು ಕೊಡುವ ಬೆಲೆಯಲ್ಲೇ ನಡೆಯಿತು. ಅದಕ್ಕೇ ಸಿಗರೇಟು, ಮದ್ಯ, ಕಾರು ಕಂಪನಿಗಳನ್ನು ಯಾರ ಮುಲಾಜೂ ಇಲ್ಲದೆ ಝಾಡಿಸಲು ಸಾಧ್ಯವಾಯಿತು. ಹಾಡಿನ ಅಣಕಗಳಿಗೂ ಒಂದು ಚರಿತ್ರೆಯಿದೆ. 1961ರಲ್ಲಿ ಪ್ರಸಿದ್ಧ ಹಾಡುಗಳ ಧಾಟಿಗೆ ಬೇರೆ ಸಾಹಿತ್ಯ ಬರೆದು ಅಚ್ಚು ಹಾಕಿದಾಗ, ಗೀತರಚನೆಕಾರ ಇರ್ವಿಂಗ್ ಬರ್ಲಿನ್ ಮತ್ತು ಆ ಹಾಡುಗಳ ಇತರ ಹಕ್ಕುದಾರರು ಕೋರ್ಟಿಗೆ ಹೋದರು. 1964ರಲ್ಲಿ ಮೇಲ್ಮನವಿ ನ್ಯಾಯಾಲಯ ಮ್ಯಾಡ್ ಪರವಾಗಿ ನಿಂತು, ಛಂದಸ್ಸಿನ ಮೇಲೆ ಯಾರೊಬ್ಬರಿಗೂ ಒಡೆತನ ಇರಲಾರದು ಎಂಬ ನಿಲುವು ತಾಳಿತು. ಡಿವಿಜಿಯವರ ಕಗ್ಗದ ಧಾಟಿಯಲ್ಲಿ, ದಾಸರ ಪದದ ಧಾಟಿಯಲ್ಲಿ ಅಣಕು ಪದ್ಯ ಕೇಳಿ ಬೆಳೆದ ನಮಗೆ ಈ ಮಾತು ಸಹಜವೇ ಅನ್ನಿಸುತ್ತದೆ.

ಎಲ್ಲವೂ ಹಣ್ಣಲ್ಲ. ಹೆಂಗಸರ ಬಗ್ಗೆ, ಬೇರೆ ದೇಶದವರ ಬಗ್ಗೆ ಆ ಕಾಲದ ಕೆಲವು ತಮಾಷೆ ಇಂದು ಕಹಿಯಾಗಿದೆ. ಮಕ್ಕಳ ಕೈಗೆ ಕೊಡುವ ಮುಂಚೆ ಒಂದು ಸಲ ನೀವು ಓದಿ, ಅಂಥದ್ದು ಬಂದರೆ ಜೊತೆಯಲ್ಲಿ ಕೂತು ಮಾತಾಡಿ.

ಹಂತ 6: ಕಾಪಾಡುವುದು

ಮ್ಯಾಡ್ ಒಳಪುಟಗಳು ಅಗ್ಗದ ಮರದ ತಿರುಳಿನ ಕಾಗದ. ಅದರಲ್ಲಿನ ಲಿಗ್ನಿನ್ ಬೆಳಕು ಮತ್ತು ಗಾಳಿಗೆ ಹಳದಿಯಾಗುತ್ತದೆ, ಆಮ್ಲ ಹೆಚ್ಚಿ ಕಾಗದ ಹಪ್ಪಳದಂತೆ ಮುರಿಯುತ್ತದೆ. ತಡೆಯಲಾಗದು, ನಿಧಾನ ಮಾಡಬಹುದು. ಬಿಸಿಲು ಬೀಳದ, ಹೊರಗೋಡೆಗೆ ತಾಗದ ಕಪಾಟು ಬೇಕು. ಒಂದೊಂದು ಸಂಚಿಕೆಯನ್ನೂ ಪಾಲಿಪ್ರೊಪಿಲಿನ್ ಚೀಲದಲ್ಲಿ, ಹಿಂದೆ ಆಮ್ಲವಿಲ್ಲದ ರಟ್ಟು ಕೊಟ್ಟು ನೆಟ್ಟಗೆ ನಿಲ್ಲಿಸಿ. ಸಾಮಾನ್ಯ ಪಿವಿಸಿ ಕವರ್ ಬೇಡ, ಅದು ವರ್ಷಗಳಲ್ಲಿ ಅಂಟಿಕೊಳ್ಳುತ್ತದೆ. ಮಂಗಳೂರು, ಕಾರವಾರದ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಿಸಿ. ನುಸಿ ಗುಳಿಗೆ ಕಾಗದಕ್ಕೆ ತಾಗಿಸಿ ಇಡಬೇಡಿ.

ಹಳೆ ಅಂಗಡಿಯಿಂದ ತಂದದ್ದನ್ನು ನೇರ ಕಪಾಟಿಗೆ ಸೇರಿಸಬೇಡಿ, ಸಿಲ್ವರ್‌ಫಿಶ್ ಹುಳು ಜೊತೆಗೇ ಬರುತ್ತದೆ. ಗಾಳಿಯಾಡದ ಚೀಲದಲ್ಲಿ ಹಾಕಿ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತೇವ ಕಾಗದದ ಮೇಲೆ ಕೂರುತ್ತದೆ.

ಸೆಲ್ಲೋ ಟೇಪ್ ಮಾತ್ರ ಎಂದೆಂದಿಗೂ ಬೇಡ. ಮೊದಲ ವರ್ಷ ನಾನು ಹರಿದ ಒಂದು ರಕ್ಷಾಪುಟಕ್ಕೆ ಟೇಪ್ ಹಚ್ಚಿದ್ದೆ. ಟೇಪ್ ಒಣಗಿ ಉದುರಿತು, ಅಂಟಿನ ಕಂದು ಪಟ್ಟಿ ನ್ಯೂಮನ್‌ನ ಹಣೆಯ ಮೇಲೆ ಹಾಗೇ ಉಳಿದಿದೆ. ಹರಿದದ್ದು ಹರಿದ ಹಾಗೇ ಚೀಲದೊಳಗೆ ಇರಲಿ. ತುಕ್ಕು ಪಿನ್ನನ್ನು ಒಳಗಿನಿಂದ ಮೆಲ್ಲಗೆ ನೇರ ಮಾಡಿ ತೆಗೆದು, ಅದೇ ತೂತಿನಲ್ಲಿ ಹತ್ತಿ ದಾರ ಪೋಣಿಸಿ ಸಡಿಲವಾಗಿ ಕಟ್ಟಿ.

ಮಡಚದ ಫೋಲ್ಡ್-ಇನ್ ಸಿಕ್ಕರೆ? ಫೋನಿನಲ್ಲಿ ಫೋಟೋ ತೆಗೆದು, ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಅದನ್ನು ಮಡಚಿ. ಇಲ್ಲವೇ ಹಾಳೆಗೆ, ಆ ಪುಟದಲ್ಲಿ ಅಚ್ಚಾಗಿರುವ 'ಎ' ಮತ್ತು 'ಬಿ' ಗುರುತುಗಳು ಹತ್ತಿರ ಬರುವಷ್ಟು ಬಾಗು ಕೊಟ್ಟು, ಮಡಿಕೆ ಬೀಳಿಸದೆ ನೋಡಿ.

ಹಂತ 7: ಕಲಾವಿದರ ಪಟ್ಟಿ

ಸಂಚಿಕೆಯ ಸಂಖ್ಯೆಯ ಪ್ರಕಾರ ಪಟ್ಟಿ ಎಲ್ಲರೂ ಮಾಡುತ್ತಾರೆ. ನೀವು ಕಲಾವಿದರ ಪ್ರಕಾರ ಮಾಡಿ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಹತ್ತು ಪುಟ ಬಿಡಿ. ಸಂಚಿಕೆ, ತಿಂಗಳು, ಪುಟ, ಬರಹಗಾರರ ಹೆಸರು, ಹೊಸದಾಗಿ ಕಂಡ ಒಂದು ವಿವರ — ಇಷ್ಟು ಬರೆಯಿರಿ. ಡ್ರಕರ್ ಪುಟದಲ್ಲಿ ನಾನು ಕೈಗಳ ಬಗ್ಗೆಯೇ ಬರೆಯುತ್ತಾ ಹೋಗಿದ್ದೇನೆ. ಇಷ್ಟವಾದ ಒಂದು ಮುಖವನ್ನು ಪ್ರಿಂಟ್ ಮೇಲೆ ಬಟರ್ ಪೇಪರ್ ಇಟ್ಟು ಗೆರೆ ಹಾಯಿಸಿ ನಕಲು ಮಾಡಿದರೆ, ಎಲ್ಲಿ ಕುಂಚ ಒತ್ತಿದ್ದಾರೆ, ಎಲ್ಲಿ ಎತ್ತಿದ್ದಾರೆ ಎಂಬುದು ನಿಮ್ಮ ಬೆರಳಿಗೇ ತಿಳಿಯುತ್ತದೆ. ಮೂಲ ಸಂಚಿಕೆಯ ಮೇಲೆ ಮಾತ್ರ ಒತ್ತಬೇಡಿ.

ಈ ಅಭ್ಯಾಸ ಒಮ್ಮೆ ಬಂದರೆ ನಮ್ಮದೇ ಅಟ್ಟ ಹತ್ತಬೇಕು. ಮ್ಯಾಡ್‌ಗಿಂತ ಹತ್ತು ವರ್ಷ ಮೊದಲೇ, 1942ರಲ್ಲಿ, ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ‘ಕೊರವಂಜಿ’ ಶುರು ಮಾಡಿದರು. ಅದು 1967ರವರೆಗೆ ನಡೆಯಿತು. 1983ರಿಂದ ‘ಅಪರಂಜಿ’ ಅದರ ದಾರಿಯಲ್ಲಿ ಬಂತು. ನಾ. ಕಸ್ತೂರಿ, ಟಿ. ಸುನಂದಮ್ಮ ಅವರ ಬರಹಗಳನ್ನು ನೆನೆಯುವವರು ಕೊರವಂಜಿಯ ಚಿತ್ರಗಳನ್ನು ಅಷ್ಟಾಗಿ ನೆನೆಯುವುದಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಜಾಫಿ, ಲಕ್ಷ್ಮಣ್ ಇಬ್ಬರೂ 1921ರಲ್ಲಿ ಹುಟ್ಟಿದವರು. ಅಜ್ಜನ ಟ್ರಂಕಿನಲ್ಲಿ ಕೊರವಂಜಿ ಸಿಕ್ಕರೆ ಅಲ್ಲೂ ಸಹಿಯನ್ನು ಚೀಟಿಯಿಂದ ಮುಚ್ಚಿ ಗೆರೆ ನೋಡಿ. ಯಾವುದು ಲಕ್ಷ್ಮಣ್, ಯಾವುದು ಅಲ್ಲ ಎಂದು ಹೇಳಲು ಪ್ರಯತ್ನಿಸಿ, ಆ ನೋಟ್‌ಬುಕ್ಕಿನಲ್ಲೇ ಬರೆದಿಡಿ. ಎಂ.ಜಿ. ರಸ್ತೆಯ ಹತ್ತಿರ ಮಿಡ್‌ಫೋರ್ಡ್ ಹೌಸ್‌ನಲ್ಲಿರುವ ಇಂಡಿಯನ್ ಕಾರ್ಟೂನ್ ಗ್ಯಾಲರಿಗೂ ಒಮ್ಮೆ ಹೋಗಿ, ಮೂಲಚಿತ್ರದಲ್ಲಿ ಮಸಿ ಹೇಗೆ ಕೂತಿರುತ್ತದೆ ಎಂಬುದನ್ನು ಅಚ್ಚಿನಲ್ಲಿ ನೋಡಿ ತಿಳಿಯಲಾಗದು.

ಕಡೆಯದಾಗಿ, ಒಂದೇ ಸಂಚಿಕೆ ಎರಡು ಸಲ ಸಿಕ್ಕರೆ ಎರಡನ್ನೂ ಕೊಳ್ಳಿ. ಮಡಚಿದರೆ ಪತ್ರಿಕೆ ಹಾಳಾಗುತ್ತದಲ್ಲ ಎಂಬ ಮಾತು ಮೊದಲ ಫೋಲ್ಡ್-ಇನ್ ಹೊತ್ತಿನಲ್ಲೇ ಬಂದಿತ್ತಂತೆ. ಹಾಳಾದರೆ ಇಡಲು ಇನ್ನೊಂದು ಕೊಳ್ಳುತ್ತಾರೆ ಎಂದು ಗೇನ್ಸ್ ಖುಷಿಯಿಂದ ಒಪ್ಪಿದ್ದನ್ನು ಜಾಫಿ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಒಂದನ್ನು ಚೀಲಕ್ಕೆ ಹಾಕಿ, ಇನ್ನೊಂದನ್ನು ಮನೆಯಲ್ಲಿರುವ ಅತಿ ಚಿಕ್ಕವರ ಕೈಗೆ ಕೊಟ್ಟು, ಎಲ್ಲಿ ಮಡಚಬೇಕು ಎಂದು ತೋರಿಸಿ.